ಆಪ್ತಸಲಹೆ ಪ್ರಕರಣ: ಕ್ರೆಡಿಟ್ಸ್‌ನಲ್ಲಿ ಹೆಸರಿದೆ, ಆಟದಲ್ಲಿ ಚಿತ್ರವಿಲ್ಲ

(ಹೆಸರು ಮತ್ತು ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಆಕೆಯ ಒಪ್ಪಿಗೆ ಇದೆ.)

ಸವಿತಾ ರಾಯಚೂರಿನಲ್ಲಿ ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದಾಳೆ. ಊರು ಮಾನ್ವಿ ಕಡೆಯ ಹಳ್ಳಿ. ಚಿಕ್ಕಮ್ಮನ ಮನೆಯಲ್ಲಿದ್ದು ಓದುತ್ತಾಳೆ. ರಾತ್ರಿ ನಿದ್ದೆಯಿಲ್ಲ, ಕ್ಲಾಸಿಗೆ ಹೋಗುತ್ತಿಲ್ಲ, ಚಿಕ್ಕಂದಿನಿಂದ ಬಿಡದೆ ಬರೆಯುತ್ತಿದ್ದ ಚಿತ್ರ ಕೂಡ ನಿಲ್ಲಿಸಿದ್ದಾಳೆ ಎಂದು ಚಿಕ್ಕಮ್ಮನೇ ಕರೆತಂದರು. ಯಾವುದೋ ಹುಡುಗನ ವಿಷಯ ಇರಬೇಕೆಂದು ಮನೆಯವರ ಅನುಮಾನ. ಅವರನ್ನು ಹೊರಗೆ ಕೂರಿಸಿ ಮಾತಾಡಿದಾಗ ತಿಳಿದದ್ದು, ಇದೆಲ್ಲಾ ಒಂದು ವಿಡಿಯೋ ಗೇಮಿನ ನೋವು.

ಕೊಟ್ಟ ವಿಷಯದ ಮೇಲೆ, ಕೊಟ್ಟ ಗಂಟೆಗಳೊಳಗೆ ಮೊದಲಿಂದ ಕೊನೆತನಕ ಒಂದು ಆಟ ಕಟ್ಟುವುದಕ್ಕೆ ಗೇಮ್ ಜ್ಯಾಮ್ ಎನ್ನುತ್ತಾರೆ. 2009ರಿಂದ ನಡೆಯುತ್ತಿರುವ ಗ್ಲೋಬಲ್ ಗೇಮ್ ಜ್ಯಾಮ್ ಹೆಸರುವಾಸಿಯಾದದ್ದೇ 48 ಗಂಟೆಯ ಲೆಕ್ಕದಿಂದ. ಅದಕ್ಕೂ ಮೊದಲು 2002ರಲ್ಲಿ ಶುರುವಾದ ಲೂಡಮ್ ಡೇರ್‌ನಲ್ಲಿ ಒಂಟಿಯಾಗಿ ಮಾಡುವವರಿಗೆ 48 ಗಂಟೆ, ತಂಡಕ್ಕೆ 72 ಗಂಟೆ. ಸವಿತಾಳ ತಂಡ ಸೇರಿದ್ದೂ ಇಂಥದ್ದೇ 48 ಗಂಟೆಯ ಜ್ಯಾಮ್. ಇಬ್ಬರು ಕೋಡ್ ಬರೆಯುವವರು, ಒಬ್ಬ ಸೌಂಡ್ ನೋಡುವವನು, ಚಿತ್ರಕ್ಕೆ ಇವಳು. ಆಟದ ಕಲ್ಪನೆಯೂ ಇವಳದೇ. ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ಮೇಲ್ಭಾಗದವರು ನೀರು ಎಳೆದುಕೊಂಡರೆ ಕೊನೆ ಭಾಗದ ಭತ್ತ ಒಣಗುತ್ತದೆ. ಆಟಗಾರ ನೀರುಗಂಟಿಯಾಗಿ ಗೇಟುಗಳನ್ನು ಏರಿಸಿ ಇಳಿಸಿ ನೀರನ್ನು ಕೊನೆಯ ಹೊಲದ ತನಕ ಮುಟ್ಟಿಸಬೇಕು. ಆ ನೀರುಗಂಟಿಯನ್ನು ಅವಳು ಬರೆದದ್ದು ತನ್ನ ತಾತನನ್ನು ನೆನೆದು: ತಲೆಗೆ ರುಮಾಲು, ಹೆಗಲಿಗೆ ಕಂಬಳಿ, ಕೈಯಲ್ಲಿ ಬ್ಯಾಟರಿ.

ಹುಡುಗರು ಹಾಸ್ಟೆಲ್ ರೂಮಿನಲ್ಲಿ ಕೂತು ಕೆಲಸ ಮಾಡಿದರು. ಅಲ್ಲಿಗೆ ಇವಳು ಹೋಗುವ ಹಾಗಿಲ್ಲ, ಸಂಜೆ ಏಳರೊಳಗೆ ಮನೆ ಸೇರಬೇಕು. ಮನೆಯಿಂದಲೇ ಬರೆದು, ಕರೆಂಟು ಹೋದಾಗ ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಚಿತ್ರ ಕಳಿಸಿ, ಎರಡನೇ ರಾತ್ರಿ ಮಲಗಿದಳು. ಬೆಳಿಗ್ಗೆ ಎದ್ದು ಆಟದ ಲಿಂಕ್ ಒತ್ತಿದರೆ, ಕಾಲುವೆ ದಂಡೆಯ ಮೇಲೆ ಯಾವುದೋ ಪುಕ್ಕಟೆ ಚಿತ್ರಸಂಗ್ರಹದಿಂದ ತಂದ, ಹುಲ್ಲಿನ ಟೋಪಿ ಹಾಕಿದ ಪರದೇಶದ ರೈತ ನಡೆದಾಡುತ್ತಿದ್ದ.

“ಕ್ರೆಡಿಟ್ಸ್‌ನಾಗ ನನ್ನ ಹೆಸರು ಐತ್ರಿ ಮೇಡಂ. ಆಟದಾಗ ನಂದೊಂದು ಗೆರಿ ಇಲ್ರಿ” ಎಂದಳು. ತಂಡದ ಗ್ರೂಪಿನಿಂದ ಹೊರಬಂದವಳು ಆಮೇಲೆ ಯಾರ ಫೋನನ್ನೂ ಎತ್ತಿರಲಿಲ್ಲ.

ಸಾಯುವ ಯೋಚನೆ ಬಂದಿದೆಯೇ ಎಂದು ಮೊದಲು ನೇರವಾಗಿಯೇ ಕೇಳಿದೆ. ಇಲ್ಲ ಎಂದಳು. ಆದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಫೋನ್ ನಂಬರ್ 14416 ಬರೆದುಕೊಟ್ಟೆ. ಎಷ್ಟೇ ಹೊತ್ತಿಗೆ ಮಲಗಿದರೂ ಏಳುವ ಹೊತ್ತು ಒಂದೇ ಇರಲಿ, ರಾತ್ರಿ ಆ ಲಿಂಕ್ ತೆರೆಯುವುದು ಬೇಡ ಎಂದೆ. ಮೊದಲ ಭೇಟಿಯಲ್ಲಿ ಇದಕ್ಕಿಂತ ಹೆಚ್ಚು ಹೇಳಲಿಲ್ಲ.

ಅವಳು ಒಪ್ಪಿದ ಮೇಲೆ ತಂಡದ ಮುಖ್ಯಸ್ಥನನ್ನು, ಮಂಜು ಅನ್ನೋಣ, ಕರೆಸಿದೆ. ಅವನ ಕಣ್ಣಲ್ಲಿ ನೀರಿತ್ತು. ಅವಳ ಚಿತ್ರ ಹಾಕಿದರೆ ಆಟ ಫೋನಿನಲ್ಲಿ ತೆರೆಯುತ್ತಲೇ ಇರಲಿಲ್ಲವಂತೆ. 2048 ಪಿಕ್ಸೆಲ್ ಉದ್ದ, ಅಷ್ಟೇ ಅಗಲದ ಒಂದು ಚಿತ್ರ, ಫೈಲ್ ಎಷ್ಟೇ ಸಣ್ಣದಿದ್ದರೂ, ಆಟ ಓಡುವಾಗ ಹಾಗೇ ಬಿಚ್ಚಿಕೊಂಡರೆ ಫೋನಿನ ಮೆಮೊರಿಯಲ್ಲಿ 16 ಎಂಬಿ ತಿನ್ನುತ್ತದೆ. ನೀರುಗಂಟಿ ನಡೆಯುವಂತೆ ಕಾಣಲು ಒಂದರ ಹಿಂದೊಂದು ತೋರಿಸುವ ಅಂಥ 24 ಚಿತ್ರ ಬರೆದಿದ್ದಳು. ಪರದೆಯ ಮೇಲೆ ನೀರುಗಂಟಿ ಕಾಣುವುದು 64 ಪಿಕ್ಸೆಲ್ ಎತ್ತರ ಮಾತ್ರ. ಆ ಅಳತೆಯನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಚಿತ್ರಗಳನ್ನು ಆಟದೊಳಗೆ ಹಾಕಿ ನೋಡಿದ್ದೇ ಎರಡನೇ ರಾತ್ರಿ. “ಮಲಗಿದಾಕೀನ್ನ ಯಾಕ ಎಬ್ಬಸೂದು ಅಂತ ಬಿಟ್ವಿರಿ” ಎಂದ. ಅಷ್ಟೂ ಚಿತ್ರವನ್ನು ಕುಗ್ಗಿಸಿ ನೋಡುವ ಯೋಚನೆ, ಎರಡು ರಾತ್ರಿ ಕಣ್ಣು ಮುಚ್ಚದ ಆ ಮೂವರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ.

ಸವಿತಾಗೆ ನಾನು ಹೇಳಿದ್ದು ಅವಳಿಗೆ ಹಿಡಿಸಲಿಲ್ಲ. ಗಡುವಿಗೆ ಆಟ ಮುಟ್ಟಿಸಲು ಏನನ್ನಾದರೂ ತೆಗೆಯುವುದು ತಂಡದ ಹಕ್ಕು, ಅದು ನಿನ್ನ ಚಿತ್ರವೇ ಆಗಿದ್ದರೂ. ನಿನಗೆ ತಿಳಿಸದೆ ತೆಗೆದದ್ದು ಅನ್ಯಾಯ. ಈ ಎರಡನ್ನೂ ಒಟ್ಟು ಮಾಡಿಕೊಂಡು ‘ನನ್ನ ಕೈಯಿಂದ ಚಿತ್ರ ಆಗುವುದಿಲ್ಲ’ ಎಂದು ತೀರ್ಮಾನಿಸಿದ್ದೀಯ. ಚಿತ್ರದ ತಪ್ಪು ಇದರಲ್ಲಿ ಎಲ್ಲಿದೆ, ತೋರಿಸು ಎಂದೆ. ಬಹಳ ಹೊತ್ತು ಅತ್ತಳು. ಅಳಲು ಬಿಟ್ಟೆ.

ಎದುರು ಬದುರು ಕೂತು ಮಾತಾಡಲು ಇಬ್ಬರನ್ನೂ ಒಪ್ಪಿಸಿದೆ. ‘ನೀವು ಯಾವಾಗಲೂ ಹೀಗೇ’ ಎಂಬ ಮಾತು ಬೇಡ, ಆ ರಾತ್ರಿ ಏನಾಯಿತೋ ಅಷ್ಟು ಹೇಳಿದರೆ ಸಾಕು ಎಂದಿದ್ದೆ. ಅವಳು ಕೇಳಿದ್ದು ಒಂದೇ: “ಒಂದು ಫೋನ್ ಮಾಡಾಕ ಏನಾಗಿತ್ತು?” ಮಂಜು ಸಬೂಬು ಹೇಳದೆ ಕ್ಷಮೆ ಕೇಳಿದ.

ಮತ್ತೆ ಜ್ಯಾಮ್‌ಗೆ ಇಳಿಯುವುದಾದರೆ ಏನು ಮಾಡಬೇಕೆಂದು ಇಬ್ಬರನ್ನೂ ಕೂರಿಸಿಕೊಂಡು ಬರೆಸಿದೆ. ಮೊದಲ ಸಂಜೆಯೇ ಬರೀ ಚೌಕಗಳನ್ನಿಟ್ಟು ಆಟ ಓಡಿಸಬೇಕು, ಚಿತ್ರದ ಅಳತೆ ಅಲ್ಲೇ ಗೊತ್ತಾಗುತ್ತದೆ, ಆಮೇಲೆ ಚೌಕದ ಜಾಗಕ್ಕೆ ಒಂದೊಂದೇ ಚಿತ್ರ ಬರಲಿ. ರಾತ್ರಿ ಮನೆಗೆ ಹೋಗಲೇಬೇಕಾದವರು ಇದ್ದರೆ ದೊಡ್ಡ ತೀರ್ಮಾನಗಳೆಲ್ಲ ಸಂಜೆಯೊಳಗೆ ಆಗಬೇಕು. ಯಾರದೇ ಕೆಲಸ ತೆಗೆಯುವ ಮುನ್ನ ಅವರಿಗೆ ಫೋನ್ ಹೋಗಬೇಕು, ನಡುರಾತ್ರಿಯಾದರೂ ಸರಿ. ಎಲ್ಲರೂ ಸರದಿಯಲ್ಲಿ ಮಲಗಬೇಕು. ನಿದ್ದೆಗೆಟ್ಟವರೇ ಶೂರರು ಎಂಬ ಹುಡುಗರ ನಂಬಿಕೆಯನ್ನು ನಾನು ಖಂಡಿತ ಒಪ್ಪುವುದಿಲ್ಲ. ಅದೇ ಅಳತೆಗೋಲಿನಿಂದ ಮನೆಗೆ ಹೋಗಲೇಬೇಕಾದ ಹುಡುಗಿ ಪ್ರತಿ ಸಲವೂ ಕಡಿಮೆ ಕೆಲಸದವಳಾಗುತ್ತಾಳೆ.

ಚಿಕ್ಕಮ್ಮನ ಹತ್ತಿರವೂ ಮಾತಾಡಿದೆ. ಇದು ಪೋಲಿ ಆಟವಲ್ಲ, ಕೆಲಸ ಹುಡುಕುವಾಗ ತೋರಿಸಬಹುದಾದ ಕೆಲಸ ಎಂದು ವಿವರಿಸಿದೆ. ಅವರು ಕೇಳಿದ್ದು, ಜೊತೆಗಿದ್ದವರು ಯಾರ ಮಕ್ಕಳು ಎಂದು. ಮಂಜುವಿನ ತಾಯಿಯ ಜೊತೆ ಫೋನಿನಲ್ಲಿ ಮಾತಾಡಿಸಿದ ಮೇಲೆ ಅರ್ಧ ಭಯ ಹೋಯಿತು. ಮುಂದಿನ ಸಲ ಹಗಲು ಹೊತ್ತು ತಮ್ಮ ಪಡಸಾಲೆಯಲ್ಲೇ ಎಲ್ಲರೂ ಕೂರಲಿ ಎಂದು ಅವರೇ ಹೇಳಿದರು.

ಜ್ಯಾಮ್ ಮುಗಿದ ಮೇಲೆ ಆಟವನ್ನು ತಿದ್ದಿ ಮತ್ತೆ ಹಾಕುವ ರೂಢಿ ಇದೆ. ಸವಿತಾ ನೀರುಗಂಟಿಯನ್ನು ಸಣ್ಣ ಅಳತೆಯಲ್ಲಿ, 8 ಚಿತ್ರಗಳ ನಡಿಗೆಯಲ್ಲಿ ಹೊಸದಾಗಿ ಬರೆದಿದ್ದಾಳೆ. ಈಗ ನಿದ್ದೆ ಬರುತ್ತಿದೆ, ಕ್ಲಾಸಿಗೂ ಹೋಗುತ್ತಿದ್ದಾಳೆ. ಸೌಂಡ್ ನೋಡುತ್ತಿದ್ದ ಹುಡುಗನ ಜೊತೆ ಮಾತು ಇನ್ನೂ ಶುರುವಾಗಿಲ್ಲ. ಅದಕ್ಕೆ ನಾನು ಒತ್ತಾಯಿಸಿಲ್ಲ.