ಉಳಿದ 0.01 ಯಾರದ್ದು?

ರಾಜಾಜಿನಗರದ ಓದುಗರೊಬ್ಬರ ಪತ್ರ: ‘ಮಗು ನನ್ನ ಗಂಡನದ್ದೇ ಎಂದು ತೋರಿಸಿ ಅತ್ತೆಯ ಬಾಯಿ ಮುಚ್ಚಿಸಲು ಗಂಡ, ನಾನು, ಮಗು ಮೂವರೂ ಡಿಎನ್‌ಎ ಪರೀಕ್ಷೆ ಮಾಡಿಸಿದೆವು. ವರದಿಯಲ್ಲಿ ಗಂಡನೇ ತಂದೆಯಾಗಿರುವ ಸಾಧ್ಯತೆ ಶೇ 99.99 ಎಂದಿದೆ. ಅತ್ತೆ ಈಗ “ಉಳಿದ 0.01 ಯಾರದ್ದು?” ಎನ್ನುತ್ತಿದ್ದಾರೆ. ಕೋಷ್ಟಕದ ಒಂದು ಸಾಲಿನಲ್ಲಿ ಅಂಕಿಗಳೂ ಹೊಂದುತ್ತಿಲ್ಲ.’

ಅಮ್ಮ, ಆ 0.01 ಯಾರದ್ದೂ ಅಲ್ಲ. ಲ್ಯಾಬಿನವರು ತಂದೆ ಹೌದು, ಅಲ್ಲ ಎರಡಕ್ಕೂ ಸಮಪಾಲು ಕೊಟ್ಟು ಲೆಕ್ಕಕ್ಕೆ ಕೂರುತ್ತಾರೆ. ಕೋಷ್ಟಕದ ಪ್ರತಿ ಸಾಲಿನ ಪುರಾವೆಯ ತೂಕವನ್ನೂ ಗುಣಿಸುತ್ತಾ ಹೋಗುತ್ತಾರೆ. ಗುಣಲಬ್ಧ 10,000 ಆದರೆ ಅದನ್ನು 10,001ರಿಂದ ಭಾಗಿಸಿ: ಶೇ 99.99 ಬಂತು. ಕೋಟಿಯಾದರೂ ನೂರು ಮುಟ್ಟದು.

ಅತ್ತೆಯವರಿಗೆ ತೋರಿಸಬೇಕಾದದ್ದು ಮಧ್ಯದ ಕೋಷ್ಟಕ. ಅದರಲ್ಲಿ ಒಂದು ಸಾಲಿನ ಹೆಸರು ಡಿ8ಎಸ್1179, ಎಂದರೆ ಎಂಟನೇ ವರ್ಣತಂತುವಿನ ಒಂದು ಜಾಗ. ಅಲ್ಲಿ ಒಂದು ಪುಟ್ಟ ತುಣುಕು ಎಷ್ಟು ಸಲ ಮರುಕಳಿಸಿದೆ ಎಂಬುದೇ ಅಂಕಿ. ಮಗುವಿಗೆ 12, 14, ನಿಮಗೆ 12, 13 ಇದ್ದರೆ 14 ಅಪ್ಪನಿಂದಲೇ ಬರಬೇಕು. ಗಂಡನಿಗೆ 14, 15 ಇದ್ದರೆ ಹೊಂದಿತು; ಎರಡರಲ್ಲಿ 14 ಮಗುವಿಗೆ ಬರುವ ಸಾಧ್ಯತೆ ಅರ್ಧ. ಆ ಅರ್ಧವನ್ನು ಜನರಲ್ಲಿ 14 ಇರುವ ಪ್ರಮಾಣದಿಂದ ಭಾಗಿಸಿದರೆ ಸಾಲಿನ ತೂಕ. ಆ 14 ನೂರರಲ್ಲಿ ಇಪ್ಪತ್ತರಷ್ಟು ಸಾಮಾನ್ಯವಾಗಿದ್ದರೆ ಸಾಲಿನ ತೂಕ 2.5, ನೂರರಲ್ಲಿ ಎರಡರಷ್ಟು ಅಪರೂಪವಾಗಿದ್ದರೆ 25. ಅಪರೂಪದ ಅಂಕಿ ಹೊಂದಿದಾಗ ಸಾಕ್ಷಿ ಗಟ್ಟಿ, ಊರಿಗೆಲ್ಲ ಇರುವ ಮೂಗಿನಿಂದ ಗುರುತು ಹಿಡಿಯಲಾದೀತೆ?

ಹೊಂದದ ಆ ಒಂದು ಸಾಲು? ನೀವು ಬರೆದಂತೆ ಗಂಡನಲ್ಲಿ 18, ಮಗುವಿನಲ್ಲಿ 19. ಒಂದೇ ಮೆಟ್ಟಿಲ ವ್ಯತ್ಯಾಸ. ವೀರ್ಯಾಣು ತಯಾರಾಗುವಾಗ ನಕಲಿನಲ್ಲಿ ಹೀಗೆ ಒಂದು ತುಣುಕು ಹೆಚ್ಚು ಕಡಿಮೆಯಾಗುವುದುಂಟು. ಅದಕ್ಕೇ ಒಂದು ಸಾಲು ತಪ್ಪಿತೆಂದು ಯಾವ ಲ್ಯಾಬೂ ‘ತಂದೆಯಲ್ಲ’ ಎನ್ನುವುದಿಲ್ಲ. ತಂದೆಯೇ ಅಲ್ಲದಿದ್ದರೆ ಸಾಮಾನ್ಯವಾಗಿ ಹಲವು ಸಾಲುಗಳು ತಪ್ಪುತ್ತವೆ. ಆದರೆ ಆ ಸಾಲಿನ ತೂಕ ಒಂದಕ್ಕಿಂತ ತೀರಾ ಕೆಳಗಿದ್ದು, ಒಟ್ಟು ಗುಣಲಬ್ಧವನ್ನು ಜಗ್ಗುತ್ತದೆ. ನಿಮ್ಮ ವರದಿಯಲ್ಲಿ ಒಂಬತ್ತುಗಳು ಕಡಿಮೆ ಇರುವುದಕ್ಕೆ ಇದೇ ಕಾರಣವಿರಬಹುದು.

ಕಹಿಯಾದರೂ ಒಂದು ಮಾತು: ಈ ಲೆಕ್ಕ ನಿಮ್ಮ ಗಂಡನನ್ನು ಸಂಬಂಧವೇ ಇಲ್ಲದ ಯಾರೋ ದಾರಿಹೋಕನ ಎದುರು ನಿಲ್ಲಿಸಿದ್ದು. ಸಂಶಯದ ಬೊಟ್ಟು ಗಂಡನ ಅಣ್ಣತಮ್ಮಂದಿರ ಕಡೆಗಿದ್ದರೆ ಅದೇ 99.99ಕ್ಕೆ ಅಷ್ಟು ಬೆಲೆಯಿಲ್ಲ, ಏಕೆಂದರೆ ಒಡಹುಟ್ಟಿದವರಲ್ಲಿ ಅನೇಕ ಅಂಕಿಗಳು ಒಂದೇ ಇರುತ್ತವೆ. ಆ ವಿಷಯ ಲ್ಯಾಬಿಗೆ ಮೊದಲೇ ಹೇಳಬೇಕು.

ಇನ್ನು, ಮನೆಯಲ್ಲೇ ಕೆನ್ನೆಯೊಳಗೆ ಹತ್ತಿ ಸವರಿ ಕಳಿಸಿದ್ದರೆ ಅದು ಮನಸ್ಸಿನ ಸಮಾಧಾನಕ್ಕೆ ಮಾತ್ರ. ಮಾದರಿ ಯಾರದ್ದೆಂದು ಸಾಕ್ಷಿ ಹೇಳುವವರಿಲ್ಲ. ನ್ಯಾಯಾಲಯವಂತೂ ಭಾರತೀಯ ಸಾಕ್ಷ್ಯ ಅಧಿನಿಯಮ 2023ರ 116ನೇ ಕಲಮನ್ನೇ ಮೊದಲು ನೋಡುತ್ತದೆ: ದಾಂಪತ್ಯ ಊರ್ಜಿತದಲ್ಲಿದ್ದಾಗ ಹುಟ್ಟಿದ ಮಗು ಗಂಡನದ್ದೇ, ಇಬ್ಬರೂ ಕೂಡಲು ಅವಕಾಶವೇ ಇರಲಿಲ್ಲವೆಂದು ಸಾಬೀತಾಗದ ಹೊರತು. ಅತ್ತೆಯವರ ಅನುಮಾನಕ್ಕೆ ಅಲ್ಲಿ ಜಾಗವಿಲ್ಲ.

ಸದ್ಯಕ್ಕೆ ಲ್ಯಾಬಿಗೆ ಫೋನ್ ಮಾಡಿ, ತಪ್ಪಿದ ಸಾಲನ್ನು ಮತ್ತೊಮ್ಮೆ ಪರೀಕ್ಷಿಸಿದ್ದಾರೆಯೇ, ಇನ್ನಷ್ಟು ಜಾಗಗಳನ್ನು ನೋಡಲು ಎಷ್ಟಾಗುತ್ತದೆ ಎಂದು ಕೇಳಿ.

– ಸಂ.