ಬಿಎಯಲ್ಲಿ ಸಮಗ್ರ ಅರ್ಥಶಾಸ್ತ್ರ ತಗೊಳ್ಳಲಾ, ಸ್ತ್ರೀವಾದ ಮತ್ತು ಜಾಗತಿಕ ನ್ಯಾಯದ ಪೇಪರ್ ತಗೊಳ್ಳಲಾ?

ಹೆಣ್ಣುಮಕ್ಕಳ ವಿಷಯ ಇಷ್ಟ, ಅರ್ಥಶಾಸ್ತ್ರದ ಲೆಕ್ಕ ನನಗೆ ಯಾಕೆ ಅಂತ ಕೇಳಿದ್ದೀರಿ. ಶಿವಮೊಗ್ಗದಲ್ಲಿ ಓದುವಾಗ ನನ್ನ ಯೋಚನೆಯೂ ಅದೇ. ಸೂತ್ರ, ಗ್ರಾಫ್ ಕಂಡರೆ ಹೆದರಿಕೆ. ಇಡೀ ದೇಶದ ಆದಾಯ, ಖರ್ಚಿನ ಲೆಕ್ಕ ಕಲಿಸುವ ಸಮಗ್ರ ಅರ್ಥಶಾಸ್ತ್ರ ಬಿಟ್ಟೆ, ಸ್ತ್ರೀವಾದದ ಪೇಪರ್ ತಗೊಂಡೆ. ಪಾಠ ಮನಸ್ಸಿಗೆ ಹಿಡಿಸಿತು.

ಪ್ರಾಜೆಕ್ಟ್‌ಗೆ ಸಾಗರದ ಕಡೆಯ ಅಡಿಕೆ ಸುಲಿಯುವ ಹೆಂಗಸರನ್ನು ಆರಿಸಿಕೊಂಡೆ. ದೊಡ್ಡಮ್ಮನ ಮನೆ ಅಂಗಳದಲ್ಲೇ ಕೂತು ಬರೆದೆ. ಮೆಟ್ಟುಗತ್ತಿ ಮುಂದೆ ಸಾಲಾಗಿ ಹೆಂಗಸರು, ಬೆರಳೆಲ್ಲ ಕಪ್ಪು. ಕೂಲಿಗೆ ಬಂದವರು ಸುಲಿದ ಡಬ್ಬಗಳನ್ನು ದೊಡ್ಡಪ್ಪ ನೋಟ್‌ಬುಕ್‌ನಲ್ಲಿ ಹೆಸರಿನ ಮುಂದೆ ಬರೆಯುತ್ತಿದ್ದರು. ದೊಡ್ಡಮ್ಮನೂ ಅದೇ ಸಾಲಿನಲ್ಲಿ ಕೂತು ಸುಲಿಯುತ್ತಿದ್ದರು, ನಡುನಡುವೆ ಎದ್ದು ಎಲ್ಲರಿಗೂ ಚಹಾ ಮಾಡುತ್ತಿದ್ದರು. ಅವರ ಹೆಸರು ನೋಟ್‌ಬುಕ್‌ನಲ್ಲಿ ಇರಲಿಲ್ಲ.

ನಾನು ಬರೆದದ್ದು ಹೀಗೆ: ದೊಡ್ಡಮ್ಮನ ಅಡುಗೆ ಕೆಲಸ, ಅಡಿಕೆ ಕೆಲಸ ಎರಡೂ ಜಿಡಿಪಿಗೆ, ಅಂದರೆ ದೇಶದಲ್ಲಿ ವರ್ಷಕ್ಕೆ ತಯಾರಾಗುವ ಸರಕು, ಸೇವೆಗಳ ಒಟ್ಟು ಬೆಲೆಯ ಲೆಕ್ಕಕ್ಕೆ ಸೇರುವುದಿಲ್ಲ. ವೈವಾಕ್ಕೆ (ಮೌಖಿಕ ಪರೀಕ್ಷೆಗೆ) ಹೊರಗಿನಿಂದ ಬಂದ ಪರೀಕ್ಷಕರು, "ಆ ಅಡಿಕೆ ಮಂಡಿಗೆ ಹೋಯ್ತಲ್ಲಮ್ಮ, ಅದರ ಬೆಲೆ ಯಾವ ಲೆಕ್ಕಕ್ಕೆ ಬಂತು?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅಂಕ ಹೋಯಿತು, ಬೇಕಿದ್ದ ಎಂಎ ಸೀಟೂ ಹೋಯಿತು.

ತಪ್ಪು ಎಲ್ಲಿ ಅಂತ ಬಿಡಿಸಿ ಹೇಳುತ್ತೇನೆ. ಮಾರಿದ ಅಡಿಕೆಯ ಬೆಲೆ ಜಿಡಿಪಿಯಲ್ಲಿದೆ. ಮಾರದೆ ಮನೆಗೇ ಇಟ್ಟುಕೊಂಡ ಭತ್ತವೂ ಲೆಕ್ಕಕ್ಕೆ ಬರುತ್ತದೆ. ಅಂತರರಾಷ್ಟ್ರೀಯ ಲೆಕ್ಕದ ನಿಯಮವೇ ಹಾಗಿದೆ. ಹೊರಗುಳಿಯುವುದು ಮನೆಯವರು ಮನೆಯವರಿಗಾಗಿ ಮಾಡುವ ಸೇವೆ: ಅಡುಗೆ, ಕಸ ಮುಸುರೆ, ಮಕ್ಕಳು, ವಯಸ್ಸಾದವರ ಆರೈಕೆ. ಅಂದರೆ ದೊಡ್ಡಮ್ಮ ಮನೆಯವರಿಗೆ ಬೇಯಿಸಿದ ಅನ್ನ ಜಿಡಿಪಿಯ ಹೊರಗೆ, ಸುಲಿದ ಅಡಿಕೆ ಒಳಗೆ. ಅವರ ಶ್ರಮ ದೇಶದ ಲೆಕ್ಕಕ್ಕೆ ಬಂದಿದೆ, ದುಡ್ಡು ಮಾತ್ರ ದೊಡ್ಡಪ್ಪನ ಖಾತೆಗೆ ಹೋಗಿದೆ. ಇವು ಎರಡು ಬೇರೆ ಬೇರೆ ಅನ್ಯಾಯ. ಎಣಿಸದೇ ಇರುವುದು ಒಂದು, ಎಣಿಸಿಯೂ ಕೊಡದೇ ಇರುವುದು ಇನ್ನೊಂದು. ಮೊದಲನೆಯದಕ್ಕೆ ಸಮಯ ಬಳಕೆಯ ಸಮೀಕ್ಷೆ ಬೇಕು, ಅಂದರೆ ಯಾರು ಯಾವ ಕೆಲಸಕ್ಕೆ ಎಷ್ಟು ಹೊತ್ತು ಕೊಡುತ್ತಾರೆ ಅಂತ ಕೇಳಿ ಬರೆದುಕೊಳ್ಳುವುದು. ಎರಡನೆಯದಕ್ಕೆ ಪಹಣಿಯಲ್ಲಿ ಹೆಸರು ಬೇಕು. ನಾನು ಎರಡನ್ನೂ ಕಲಸಿಬಿಟ್ಟಿದ್ದೆ. ಹಾಗಾಗಿ ಎರಡನ್ನೂ ಜಿಡಿಪಿಗೆ ಸೇರಿಸಿ ಅಂತ ನಾನು ಸೂಚಿಸಿದ ಪರಿಹಾರದಿಂದ ದೊಡ್ಡಮ್ಮನಿಗೆ ಒಂದು ರೂಪಾಯಿಯೂ ಸಿಗುತ್ತಿರಲಿಲ್ಲ.

ನ್ಯೂಜಿಲೆಂಡ್‌ನ ಮರ್ಲಿನ್ ವೇರಿಂಗ್ 1988ರಲ್ಲಿ ಈ ಲೆಕ್ಕವನ್ನು ಪ್ರಶ್ನಿಸಿ ಬರೆದರು. ಅವರು ಅಲ್ಲಿನ ಸಂಸತ್ತಿನಲ್ಲಿದ್ದು ಸರ್ಕಾರಿ ಖರ್ಚಿನ ಸಮಿತಿ ನಡೆಸಿದವರು. ಲೆಕ್ಕ ಗೊತ್ತಿದ್ದವರು, ಅದಕ್ಕೇ ಅವರ ಮಾತಿಗೆ ತೂಕ ಬಂತು.

ಜಾಗತಿಕ ನ್ಯಾಯದ ಕಥೆಯೂ ಹೀಗೇ. 1980ರ ದಶಕದಲ್ಲಿ ಸಾಲದಲ್ಲಿ ಮುಳುಗಿದ ಆಫ್ರಿಕಾ, ಲ್ಯಾಟಿನ್ ಅಮೆರಿಕದ ದೇಶಗಳಿಗೆ ಐಎಂಎಫ್ (ಅಂತರರಾಷ್ಟ್ರೀಯ ಹಣಕಾಸು ನಿಧಿ), ವಿಶ್ವಬ್ಯಾಂಕ್ ಸರ್ಕಾರಿ ಖರ್ಚು ಇಳಿಸುವ ಷರತ್ತು ಹಾಕಿದವು. ಪುಸ್ತಕದಲ್ಲಿ ಅದು ಬರೀ ಸರ್ಕಾರಿ ವೆಚ್ಚದ ಇಳಿಕೆ. ಆದರೆ ಆಸ್ಪತ್ರೆಗೆ ದುಡ್ಡು ಕಡಿಮೆಯಾದರೆ ರೋಗಿ ಬೇಗ ಮನೆಗೆ ಬರುತ್ತಾನೆ, ಆರೈಕೆ ಹೆಂಗಸರ ಹೆಗಲಿಗೆ ಬೀಳುತ್ತದೆ. ಸರ್ಕಾರ ಉಳಿಸಿದ್ದು ಕಾಣುತ್ತದೆ, ಇವರು ಮಾಡಿದ್ದು ಕಾಣುವುದಿಲ್ಲ. ನಮ್ಮಲ್ಲೇ 2024ರ ಸಮಯ ಬಳಕೆ ಸಮೀಕ್ಷೆ ನೋಡಿ: ಸಂಬಳವಿಲ್ಲದ ಮನೆಗೆಲಸ ಮಾಡುವವರಲ್ಲಿ ಹೆಂಗಸರಿಗೆ ದಿನಕ್ಕೆ 289 ನಿಮಿಷ ಹಿಡಿದರೆ ಗಂಡಸರಿಗೆ 88. ಗೃಹಲಕ್ಷ್ಮಿಯ 2000 ರೂಪಾಯಿ ಈ ಕೆಲಸಕ್ಕೆ ಕೊಟ್ಟ ಸಂಬಳ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅದು ವರ್ಗಾವಣೆ ಪಾವತಿ, ಅಂದರೆ ಯಾವ ಕೆಲಸಕ್ಕೂ ಪ್ರತಿಯಾಗಿ ಅಲ್ಲದೆ ಸರ್ಕಾರ ಕೊಡುವ ಹಣ. ಜಿಡಿಪಿಯ ಸರ್ಕಾರಿ ವೆಚ್ಚದಲ್ಲಿ ಸೇರುವುದಿಲ್ಲ, ದಿನಸಿಗೆ ಖರ್ಚಾದಾಗ ಅನುಭೋಗದಲ್ಲಿ, ಅಂದರೆ ಮನೆಗಳ ಖರ್ಚಿನ ಲೆಕ್ಕದಲ್ಲಿ ಬರುತ್ತದೆ.

ಈ ಸೆಮಿಸ್ಟರ್ ಸಮಗ್ರ ಅರ್ಥಶಾಸ್ತ್ರ ತಗೊಳ್ಳಿ. ಸ್ತ್ರೀವಾದದ ಪೇಪರ್ ಮುಂದಿನ ಸಲ ಸಿಕ್ಕರೆ ಸರಿ, ಇಲ್ಲದಿದ್ದರೆ ಸ್ವಂತ ಓದಿಕೊಳ್ಳಬಹುದು. ರಾಷ್ಟ್ರೀಯ ವರಮಾನದ ಲೆಕ್ಕ ಮಾತ್ರ ಮೇಷ್ಟ್ರ ಎದುರು ಕೂತು ಕಲಿಯುವುದೇ ವಾಸಿ. ಆ ಪಾಠ ಶುರುವಾದ ವಾರವೇ ನಿಮ್ಮಮ್ಮನ ಒಂದು ದಿನದ ಕೆಲಸ ಪಟ್ಟಿ ಮಾಡಿ, ಯಾವುದು ಜಿಡಿಪಿ ಒಳಗೆ, ಯಾವುದು ಹೊರಗೆ ಅಂತ ಗುರುತು ಹಾಕಿ. ಮನೆ ಖರ್ಚಿಗೆ ಕರೆದ ಹಾಲು ಒಳಗೆ ಬರುತ್ತದೆ, ಅದನ್ನು ಕಾಯಿಸಿ ಲೋಟಕ್ಕೆ ಬಗ್ಗಿಸಿ ಕೊಡುವುದು ಹೊರಗೆ. ಮೇಷ್ಟ್ರಿಗೆ ಆ ಪಟ್ಟಿ ತೋರಿಸಿ ಕೇಳಿ.