5ಯು4 ರೆಕ್ಟಿಫೈಯರ್ ವಾಲ್ವ್ ತೆಗೆದು ಹಳೇ ಮುಲ್ಲಾರ್ಡ್ ಕಂಪನಿಯ ಜಿಝಡ್34 ವಾಲ್ವ್ ಹಾಕಿದರೆ ವಾಲ್ವ್ ಆಂಪ್ಲಿಫೈಯರ್ ಧ್ವನಿ ನಿಜವಾಗಿ ಸುಧಾರಿಸುತ್ತಾ?

ವ್ಯತ್ಯಾಸ ಕೇಳಿಸುತ್ತದೆ. ಆದರೆ ಅದು ಮುಲ್ಲಾರ್ಡ್ ಅನ್ನೋ ಹೆಸರಿನಿಂದ ಬರುವುದಕ್ಕಿಂತ ವೋಲ್ಟೇಜ್‌ನಿಂದ ಬರುವುದೇ ಜಾಸ್ತಿ. ದುಡ್ಡು ಕೊಡುವ ಮೊದಲು ಮಲ್ಟಿಮೀಟರ್ ಹಿಡಿದು ಒಂದು ಸಂಜೆ ಕೂತುಕೊಳ್ಳಿ.

ರೆಕ್ಟಿಫೈಯರ್ ವಾಲ್ವ್ ಒಳಗೆ ಹಾಡು ಹರಿಯುವುದಿಲ್ಲ, ಅಲ್ವಾ? ಎಸಿಯನ್ನು ಡಿಸಿ ಮಾಡುವುದಷ್ಟೇ ಅದರ ಕೆಲಸ. ಆ ಕೆಲಸಕ್ಕೆ ಸ್ವಲ್ಪ ವೋಲ್ಟೇಜನ್ನು ತಾನೇ ನುಂಗುತ್ತದೆ. 225 ಮಿಲಿಆಂಪ್ ಎಳೆದಾಗ ಜಿಝಡ್34 ಸುಮಾರು 17 ವೋಲ್ಟ್ ನುಂಗಿದರೆ, 5ಯು4ಜಿ (5ಯು4ರ ಒಂದು ಮಾದರಿ) ಸುಮಾರು 44 ನುಂಗುತ್ತದೆ.

ನನ್ನದು ಇಎಲ್34 ಪುಶ್-ಪುಲ್ ಆಂಪ್, ಅಂದರೆ ಇಎಲ್34 ಅನ್ನೋ ಔಟ್‌ಪುಟ್ ವಾಲ್ವ್‌ಗಳು ಜೋಡಿಯಾಗಿ ಕೆಲಸ ಮಾಡುವಂಥದ್ದು. 5ಯು4ಜಿ ಇದ್ದಾಗ ಬಿ-ಪ್ಲಸ್ (ರೆಕ್ಟಿಫೈಯರ್‌ನಿಂದ ಬರುವ ಡಿಸಿ ವೋಲ್ಟೇಜ್) 398 ವೋಲ್ಟ್ ಇತ್ತು, ಜಿಝಡ್34 ಹಾಕಿದಾಗ 421 ಆಯಿತು. ಮೊದಲ ನಿಮಿಷದಲ್ಲೇ ಧ್ವನಿ ಅರಳಿದ ಹಾಗೆ ಅನ್ನಿಸಿತು. ಆಮೇಲೆ ಬಯಾಸ್ (ಹಾಡಿಲ್ಲದಾಗ ಔಟ್‌ಪುಟ್ ವಾಲ್ವ್‌ನಲ್ಲಿ ಹರಿಯುವ ಕರೆಂಟಿನ ಮಟ್ಟ) ಮತ್ತೆ ಹೊಂದಿಸಿ, ವಾಲ್ಯೂಮ್ ಸರಿಸಮ ಮಾಡಿ ಕೇಳಿದೆ. ಆ ಅರಳುವಿಕೆ ಬಹುಪಾಲು ಹೋಯಿತು. ಉಳಿದದ್ದು ಒಂದೇ. ಜೋರಾಗಿ ಹಾಕಿದಾಗ ಮೃದಂಗದ ಎಡಗಡೆ ಪೆಟ್ಟು ಜಿಝಡ್34ರಲ್ಲಿ ಬಿಗಿಯಾಗಿ ಬೀಳುತ್ತದೆ, 5ಯು4ರಲ್ಲಿ ಚೂರು ಸಡಿಲ. ವೀಣೆಗೆ ನನಗೆ ಆ ಸಡಿಲವೇ ಇಷ್ಟ. ಜೋಡಿಯಿಲ್ಲದೆ ಔಟ್‌ಪುಟ್ ವಾಲ್ವ್ ಒಂದೇ ಕೆಲಸ ಮಾಡುವ ಸಿಂಗಲ್-ಎಂಡೆಡ್ ಆಂಪ್ ಆದರೆ ಕರೆಂಟ್ ಹೆಚ್ಚುಕಡಿಮೆ ಒಂದೇ ಸಮ ಇರುವುದರಿಂದ ಇಷ್ಟೂ ಗೊತ್ತಾಗುವುದಿಲ್ಲ.

ಇನ್ನು ಮುಲ್ಲಾರ್ಡ್ ವಿಷಯ. ಸ್ನೇಹಿತರಿಂದ ಒಂದು ಎರವಲು ತಂದೆ. ನನ್ನ ಹೆಂಡತಿ ನನಗೆ ಕಾಣದ ಹಾಗೆ ಅದನ್ನೂ ಹೊಸ ತಯಾರಿಕೆಯದನ್ನೂ ಬದಲಿಸಿದಳು. ಪ್ರತಿ ಸಲ ಆಫ್ ಮಾಡಿ, ತಣಿಸಿ, ಮತ್ತೆ ಬಿಸಿಯಾಗುವವರೆಗೂ ಕಾದೆವು. ಹತ್ತು ಸಲದಲ್ಲಿ ಐದು ಸಲ ಸರಿಯಾಗಿ ಹೇಳಿದೆ. ಅಂದರೆ ನನ್ನ ಕಿವಿಗೆ ಅವೆರಡೂ ಒಂದೇ. ಹಳೇದು ದಶಕಗಟ್ಟಲೆ ಬಾಳುತ್ತದೆ ಅನ್ನುವುದಕ್ಕೆ ದುಡ್ಡು ಕೊಡುತ್ತೀರಾದರೆ ಒಪ್ಪುತ್ತೇನೆ.

ನಮ್ಮ ಬೆಂಗಳೂರಿನ ಕರೆಂಟನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಜಯನಗರದ ನಮ್ಮ ಮನೆಯಲ್ಲಿ ಸಂಜೆ ಏಳಕ್ಕೆ 216 ವೋಲ್ಟ್, ನಡುರಾತ್ರಿ 238. ವಾಲ್ವ್ ಮುಟ್ಟದೇ ಇದ್ದರೂ ಬಿ-ಪ್ಲಸ್ ಸುಮಾರು 40 ವೋಲ್ಟ್ ಏರುತ್ತದೆ. ಎರಡು ವಾಲ್ವ್‌ಗಳ ನಡುವಿನ ವ್ಯತ್ಯಾಸಕ್ಕಿಂತ ಇದೇ ದೊಡ್ಡದು! ಹಾಗಾಗಿ ಸಂಜೆ ಒಂದನ್ನು, ರಾತ್ರಿ ಇನ್ನೊಂದನ್ನು ಕೇಳಿ ಸುಮ್ನೆ ತೀರ್ಮಾನ ಮಾಡಬೇಡಿ.

ಕೊಳ್ಳುವುದೇ ಆದರೆ ಮೇಲಿನ ಬಣ್ಣದ ಅಚ್ಚು ನಂಬಬೇಡಿ, ಅದನ್ನು ಯಾರು ಬೇಕಾದರೂ ಹಾಕಬಹುದು. ಎಸ್.ಪಿ. ರೋಡಿನಲ್ಲಿ ಸಿಕ್ಕರೂ ಸರಿ, ಆನ್‌ಲೈನ್‌ನಲ್ಲಿ ಸಿಕ್ಕರೂ ಸರಿ, ಗಾಜಿನ ಬುಡದಲ್ಲಿ ಮಸುಕಾಗಿ ಕೊರೆದ ಕೋಡ್ ಹುಡುಕಿ. ಎಫ್31, ಎಫ್32 ತರಹದ್ದು ಇದ್ದು, ಕೆಳಗಿನ ಸಾಲು ಬಿ ಅಕ್ಷರದಿಂದ ಶುರುವಾದರೆ ಅದು ಇಂಗ್ಲೆಂಡಿನ ಬ್ಲ್ಯಾಕ್‌ಬರ್ನ್ ಕಾರ್ಖಾನೆಯದು.

ವಾಲ್ವನ್ನು ಒಳಗಿನಿಂದ ಬಿಸಿ ಮಾಡುವ ಹೀಟರ್ ಬಗ್ಗೆ ಚಿಂತೆ ಬೇಡ. 5ಯು4 3 ಆಂಪ್ ಎಳೆಯುತ್ತದೆ, ಜಿಝಡ್34ಗೆ 1.9 ಸಾಕು. ಡಿಸಿಯನ್ನು ನಯಗೊಳಿಸುವ ಫಿಲ್ಟರ್ ಕೆಪಾಸಿಟರ್ ಮೇಲೆ ಮಿತಿ 450 ವೋಲ್ಟ್ ಅಂತ ಬರೆದಿದ್ದರೆ ಮಾತ್ರ, ಬಿ-ಪ್ಲಸ್ ಅದನ್ನು ಮೀರುತ್ತಾ ಅಂತ ರಾತ್ರಿ ಹೊತ್ತು ಒಮ್ಮೆ ಅಳೆದು ನೋಡಿ. ಆಫ್ ಮಾಡಿದ ಮೇಲೂ ಆ ಕೆಪಾಸಿಟರ್‌ನಲ್ಲಿ ಜೀವ ತೆಗೆಯುವಷ್ಟು ವೋಲ್ಟೇಜ್ ಉಳಿದಿರುತ್ತದೆ. ಒಳಗೆ ಕೈ ಹಾಕುವ ಮೊದಲು ಡಿಸ್‌ಚಾರ್ಜ್ ಮಾಡಿ, ಮೀಟರ್ ಸೊನ್ನೆ ತೋರಿಸುವವರೆಗೂ ಕಾಯಿರಿ.